ಹಿತ್ತಲಲ್ಲಿ ನಿಂತ ಹಳೆಯ ಕಾರು

ಕಾರವಾರ, ಅಂಕೋಲೆಯ ಮಳೆಗಾಲ ನಿಮಗೆ ಹೊಸದೇನಲ್ಲ. ಆಷಾಢ ಬಂತೆಂದರೆ ಉಪ್ಪಿನ ಭರಣಿ ಒಸರುತ್ತದೆ, ಕಪಾಟಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ. ಹೀಗಿರುವಾಗ ಹಿತ್ತಲ ಮಾಡಿನಡಿ ನಿಂತ ಅಜ್ಜನ ಕಾಲದ ಕಾರಿನ ಗತಿ ಏನು, ಯೋಚಿಸಿದ್ದೀರಾ?

ಎಲ್ಲ ಹಳೆಯ ಕಾರುಗಳ ಮಾತಲ್ಲ ಇದು. ಎರಡನೆಯ ಮಹಾಯುದ್ಧದವರೆಗೂ ರೋಲ್ಸ್‌ರಾಯ್ಸ್ ಕಂಪನಿ ಎಂಜಿನ್ನು, ಚಾಸಿ ಮಾತ್ರ ಮಾರುತ್ತಿತ್ತು. ಮೈ ಕಟ್ಟುವವರು ಬೇರೆ: ಲಂಡನ್ನಿನ ಹೂಪರ್, ಬಾರ್ಕರ್ ಮುಂತಾದವರು. ನಮ್ಮ ಮದರಾಸಿನಲ್ಲೂ 1840ರಷ್ಟು ಹಿಂದೆಯೇ ಶುರುವಾದ ಸಿಂಪ್ಸನ್ ಕಂಪನಿ ಇತ್ತು. ಬಟ್ಟೆ ಕೊಂಡು ದರ್ಜಿಗೆ ಅಳತೆ ಕೊಟ್ಟು ರವಿಕೆ ಹೊಲಿಸುತ್ತೇವಲ್ಲ, ಹಾಗೆಯೇ! ಅಂಥ ಕಾರು ಇಡೀ ಜಿಲ್ಲೆಗೆ ಒಂದಿದ್ದರೆ ಹೆಚ್ಚು. ಆ ಒಂದಾದರೂ ಉಳಿಯಲಿ ಎಂದೇ ಈ ಲೇಖನ. ಗುಜರಿಯವನು ತೂಕದ ಲೆಕ್ಕ ಹೇಳಿಕೊಂಡು ಬಂದಾಗ ಮನೆಯಲ್ಲಿರುವವರು ಹೆಚ್ಚಾಗಿ ನೀವೇ ತಾನೆ?

ಈ ಕಾರುಗಳ ತಗಡಿನೊಳಗೆ ಮರದ ಅಸ್ಥಿಪಂಜರವಿದೆ. ಆ್ಯಶ್ ಎಂಬ ಮರದ ಚೌಕಟ್ಟಿನ ಮೇಲೆ ಕೈಯಿಂದ ಬಡಿದು ತಿದ್ದಿದ ಅಲ್ಯೂಮಿನಿಯಂ ತಗಡು. ಹೊರಗೆ ಬಣ್ಣ ಫಳಫಳ, ಒಳಗೆ ಮರ ಕುಂಬು! ಬಾಗಿಲು ತೆರೆದು ಮೆಲ್ಲಗೆ ಮೇಲೆತ್ತಿ ನೋಡಿ. ಜೋತು ಬಿದ್ದಿದ್ದರೆ ಬಿಜಾಗರಿಯೋ, ಅದನ್ನು ಹಿಡಿದ ಮರವೋ ಸೋತಿದೆ. ಮೊದಲು ಬಣ್ಣ ಹೊಡೆಸಿಬಿಡುವವರಿದ್ದಾರೆ. ಅದು ಹುಳುಕು ಹಲ್ಲಿಗೆ ಚಿನ್ನದ ಕವಚ ಹಾಕಿದ ಹಾಗೆ.

ಕೊಳೆತ ತುಂಡನ್ನು ಒಲೆಗೆ ಹಾಕಬೇಡಿ, ಮಾರಾಯ್ರೇ! ಹೊಸ ತುಂಡಿಗೆ ಅದೇ ಅಳತೆ. ಆ್ಯಶ್ ಸಿಗದಿದ್ದರೆ ಚೆನ್ನಾಗಿ ಒಣಗಿದ ತೇಗವಾದೀತು. ದೋಣಿ ಕಟ್ಟಿ ಪಳಗಿದ ಆಚಾರಿ ಸಿಕ್ಕರೆ ನಿಮ್ಮ ಅದೃಷ್ಟ, ಮರದ ಬಾಗು ಬಳುಕು ಅವನಿಗೆ ಗೊತ್ತು. ಅಲ್ಯೂಮಿನಿಯಮ್ಮಿಗೆ ಉಕ್ಕು ತಾಗುವ ಕಡೆ ಮಾತ್ರ ನಡುವೆ ಏನಾದರೂ ತಡೆ ಇರಲೇಬೇಕು. ಇಲ್ಲವಾದರೆ ಕಡಲ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಿಳಿ ಹಿಟ್ಟಾಗಿ ಉದುರುತ್ತದೆ.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲಸ. ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ, ಕಾರು ಒಳಗೇ ಬೆವರುತ್ತದೆ. ಹಳೆಯ ಹತ್ತಿ ಸೀರೆಗಳನ್ನು ಜೋಡಿಸಿ ಹೊಲಿದು ಹೊದಿಸಿ. ಬಾಗಿಲ ತಳದಲ್ಲಿ ನೀರಿಳಿಯುವ ತೂತುಗಳಿರುತ್ತವೆ, ಹಿಡಿಕಡ್ಡಿಯಿಂದ ಬಿಡಿಸಿ. ಚರ್ಮದ ಸೀಟಿಗೆ ತೆಂಗಿನೆಣ್ಣೆ ತಿಕ್ಕಬೇಡಿ, ಕಮಟು ವಾಸನೆ ಬರುತ್ತದೆ. ಕ್ರೋಮಿಯಂ ಲೇಪದ ಭಾಗಗಳಿಗೆ ಹುಣಸೆಹಣ್ಣೂ ಬೇಡ, ಅದು ದೇವರ ಪಾತ್ರೆಗಳಿಗೇ ಇರಲಿ.

ಕಾಗದಪತ್ರ ಜೋಪಾನ. 2021ರ ಕೇಂದ್ರ ನಿಯಮದಂತೆ, ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ನು ಮೂಲದ್ದೇ ಇರಬೇಕು. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ.

ಮೈಸೂರಿನ ಕಡೆ ಹೋದರೆ ಶ್ರೀರಂಗಪಟ್ಟಣದ ಬಳಿ 'ಪಯಣ' ಸಂಗ್ರಹಾಲಯಕ್ಕೆ ಇಣುಕಿ ಬನ್ನಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳು ಅಲ್ಲಿವೆ. ಮಕ್ಕಳು ದೀಪ, ಹಾರ್ನು ನೋಡುತ್ತಿರಲಿ. ನೀವು ಬಾಗಿಲ ಸಂದಿಗಳನ್ನು ನೋಡಿ, ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿವೆಯೇ ಎಂದು.