ಕಡಲತಳದ ಕೇಬಲ್‌ಗಳ ಕಾವಲು

ದೇಶದಿಂದ ದೇಶಕ್ಕೆ, ಖಂಡದಿಂದ ಖಂಡಕ್ಕೆ ಸಾಗುವ ಇಂಟರ್ನೆಟ್ ಸಂಪರ್ಕದಲ್ಲಿ ಶೇಕಡ 95ಕ್ಕೂ ಹೆಚ್ಚು ಪಾಲು ಹಾದುಹೋಗುವುದು ಕಡಲತಳದಲ್ಲಿ ಹಾಸಿರುವ ಕೇಬಲ್‌ಗಳ ಮೂಲಕ. ಉಪಗ್ರಹಗಳ ಪಾಲು ತೀರ ಸಣ್ಣದು. ಆಳಸಮುದ್ರದಲ್ಲಿ ಈ ಕೇಬಲ್‌ನ ಅಡ್ಡಳತೆ ಸುಮಾರು 2 ಸೆಂಟಿಮೀಟರ್ ಮಾತ್ರ. ನಡುವೆ ಕೆಲವು ಜೋಡಿ ಗಾಜಿನ ಎಳೆಗಳು, ಸುತ್ತ ಉಕ್ಕಿನ ತಂತಿ, ಅದರ ಮೇಲೆ ತಾಮ್ರದ ಕವಚ, ಹೊರಗೆ ಪಾಲಿಥೀನ್ ಹೊದಿಕೆ. ಬೆಳಕಿನ ರೂಪದಲ್ಲಿ ಸಾಗುವ ಸಂಕೇತ ದೂರ ಹೋದಂತೆ ಕ್ಷೀಣಿಸುವುದರಿಂದ 60ರಿಂದ 100 ಕಿ.ಮೀ.ಗೊಂದರಂತೆ ಅದನ್ನು ಮತ್ತೆ ಬಲಪಡಿಸುವ ರಿಪೀಟರ್‌ಗಳನ್ನು ಕೂರಿಸಿರುತ್ತಾರೆ. ಅವುಗಳಿಗೆ ಬೇಕಾದ ವಿದ್ಯುತ್ತನ್ನು ದಡದ ಠಾಣೆಗಳಿಂದ ಅದೇ ತಾಮ್ರದ ಕವಚದಲ್ಲಿ ಹರಿಸಲಾಗುತ್ತದೆ.

ಜಗತ್ತಿನಾದ್ಯಂತ ಈ ಕೇಬಲ್‌ಗಳಿಗೆ ವರ್ಷಕ್ಕೆ 150ರಿಂದ 200 ಬಾರಿ ಹಾನಿಯಾಗುತ್ತದೆ. ಸುದ್ದಿಯಾಗುವುದು ಭೂಕಂಪ ಮತ್ತು ವಿಧ್ವಂಸಕ ಕೃತ್ಯಗಳಾದರೂ, ಹಾನಿಯ ಮುಕ್ಕಾಲು ಭಾಗಕ್ಕೆ ಕಾರಣ ಮೀನುಗಾರರ ಬಲೆ ಮತ್ತು ಹಡಗುಗಳ ಲಂಗರು. ಶಾರ್ಕ್‌ಗಳು ಕೇಬಲ್ ಕಚ್ಚಿ ತುಂಡರಿಸುತ್ತವೆ ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಹಿಂದೆ ಅಂಥ ಕೆಲವು ಪ್ರಸಂಗಗಳು ನಡೆದದ್ದು ನಿಜ, ಆದರೆ ಇಂದಿನ ಲೆಕ್ಕದಲ್ಲಿ ಮೀನುಗಳ ಪಾಲು ನಗಣ್ಯ. ಅಪಾಯವಿರುವುದು ದಡಕ್ಕೆ ಹತ್ತಿರದ, 200 ಮೀಟರ್‌ಗಿಂತ ಕಡಿಮೆ ಆಳದ ನೀರಿನಲ್ಲಿ. ಮೀನುಗಾರಿಕೆ, ಬಂದರಿನ ಹಡಗು ಸಂಚಾರ, ಮರಳುಗಾರಿಕೆ, ಪವನ ವಿದ್ಯುತ್ ಗೋಪುರ ಎಲ್ಲವೂ ಇರುವುದು ಅಲ್ಲೇ. ಅದಕ್ಕಾಗಿ ಆ ಭಾಗದಲ್ಲಿ ಕೇಬಲ್‌ಗೆ ಒಂದೆರಡು ಸುತ್ತು ಉಕ್ಕಿನ ತಂತಿಯ ಕವಚ ತೊಡಿಸಿ, ಹಡಗು ಎಳೆಯುವ ದೊಡ್ಡ ನೇಗಿಲಿನಿಂದ ಕಡಲತಳವನ್ನು ಸೀಳಿ ಹೂಳುತ್ತಾರೆ. ಇಷ್ಟಾದರೂ ಭಾರಿ ಹಡಗೊಂದರ ಲಂಗರು ಎಳೆದುಕೊಂಡು ಬಂದರೆ ಯಾವ ಕವಚವೂ ತಡೆಯದು.

ಈ ಸಮಸ್ಯೆ ಕೇಬಲ್‌ನಷ್ಟೇ ಹಳೆಯದು. 1850ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಹಾಸಿದ ಮೊದಲ ಟೆಲಿಗ್ರಾಫ್ ಕೇಬಲ್ ಕೆಲಸ ಮಾಡಿದ್ದು ಅಲ್ಪಕಾಲ ಮಾತ್ರ. ಅದನ್ನು ತುಂಡರಿಸಿದ್ದು ಫ್ರೆಂಚ್ ಮೀನುಗಾರನೊಬ್ಬ ಎಂಬ ವಿವರಣೆ ಅಂದಿನಿಂದಲೂ ಚಾಲ್ತಿಯಲ್ಲಿದೆ. ಕೇಬಲ್‌ಗಳು ಹೆಚ್ಚಿದಂತೆ ಒಂದು ದೇಶದ ಕಾನೂನು ಸಾಲದೆಂಬುದು ಮನವರಿಕೆಯಾಗಿ, 1884ರ ಮಾರ್ಚ್ 14ರಂದು ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದಕ್ಕೆ ಸಹಿ ಬಿತ್ತು. ಬೇಕೆಂದೇ ಅಥವಾ ದಂಡನಾರ್ಹ ನಿರ್ಲಕ್ಷ್ಯದಿಂದ ಕೇಬಲ್ ತುಂಡರಿಸುವುದು ಅಪರಾಧವೆಂದು ಅದು ಸಾರಿತು. ದುರಸ್ತಿಯಲ್ಲಿ ತೊಡಗಿದ ಹಡಗಿನಿಂದ ಉಳಿದ ಹಡಗುಗಳು ಒಂದು ನಾಟಿಕಲ್ ಮೈಲಿ ದೂರ ಇರಬೇಕೆಂದಿತು. ಇದೆಲ್ಲಕ್ಕಿಂತ ವಿವೇಕದ ಕಲಮು ಇನ್ನೊಂದಿದೆ: ಕೇಬಲ್‌ಗೆ ಸಿಕ್ಕಿಕೊಂಡ ಲಂಗರನ್ನೋ ಬಲೆಯನ್ನೋ ಕೇಬಲ್ ಉಳಿಸುವ ಸಲುವಾಗಿ ಕತ್ತರಿಸಿ ಬಿಟ್ಟವನಿಗೆ ಅದರ ಬೆಲೆಯನ್ನು ಕೇಬಲ್‌ನ ಒಡೆಯ ತುಂಬಿಕೊಡಬೇಕು. ಬಡ ಮೀನುಗಾರನಿಗೆ ಬಲೆಯೇ ಬಂಡವಾಳ. ಅದನ್ನು ಕಳೆದುಕೊಳ್ಳುವ ಭಯವಿದ್ದರೆ ಆತ ಎಳೆದೇ ತೀರುತ್ತಾನೆ ಎಂಬುದನ್ನು ಒಪ್ಪಂದ ಬರೆದವರು ಅರಿತಿದ್ದರು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವೂ ಈ ಕಲಮನ್ನು ಉಳಿಸಿಕೊಂಡಿತು.

ಕಾನೂನು ಶಿಕ್ಷಿಸಬಲ್ಲದು, ಆದರೆ ಕೇಬಲ್ ಎಲ್ಲಿದೆ ಎಂದು ನಾವಿಕನಿಗೆ ತಿಳಿಸುವ ಕೆಲಸ ಅದರದಲ್ಲ. ಆ ಕೆಲಸವನ್ನು ಕೈಗೆತ್ತಿಕೊಂಡದ್ದು ಉದ್ಯಮವೇ. 1958ರಲ್ಲಿ ಕೇಬಲ್ ಒಡೆತನದ ಸಂಸ್ಥೆಗಳು ಸೇರಿ 'ಕೇಬಲ್ ಡ್ಯಾಮೇಜ್ ಕಮಿಟಿ' ಕಟ್ಟಿಕೊಂಡವು. 1967ರಲ್ಲಿ ಅದರ ಹೆಸರು 'ಇಂಟರ್‌ನ್ಯಾಷನಲ್ ಕೇಬಲ್ ಪ್ರೊಟೆಕ್ಷನ್ ಕಮಿಟಿ' (ಐಸಿಪಿಸಿ) ಎಂದಾಯಿತು. ಇಂದು ಅದರಲ್ಲಿ 60ಕ್ಕೂ ಹೆಚ್ಚು ದೇಶಗಳ ಸದಸ್ಯರಿದ್ದಾರೆ, 2010ರಿಂದ ಸರ್ಕಾರಗಳಿಗೂ ಸದಸ್ಯತ್ವದ ಬಾಗಿಲು ತೆರೆದಿದೆ. ವ್ಯಾಪಾರದಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕಲು ಹೆಣಗುವ ಕಂಪನಿಗಳು ಇಲ್ಲಿ ತಮ್ಮ ಕೇಬಲ್ ಎಲ್ಲಿ, ಯಾವ ಕಾರಣಕ್ಕೆ ಹಾಳಾಯಿತು ಎಂಬುದನ್ನು ಹಂಚಿಕೊಳ್ಳುತ್ತವೆ. ಹೊಸ ಕೇಬಲ್ ಹಳೆಯ ಕೇಬಲನ್ನು ಹೇಗೆ ದಾಟಬೇಕು, ಕೆಲಸ ನಿಲ್ಲಿಸಿದ ಕೇಬಲನ್ನು ಹೇಗೆ ಮೇಲೆತ್ತಬೇಕು ಎಂಬಂಥ ವಿಷಯಗಳಲ್ಲಿ ಶಿಫಾರಸುಗಳನ್ನು ರೂಪಿಸುತ್ತವೆ. ಪಾಲಿಸಲೇಬೇಕೆಂಬ ಕಾನೂನಿನ ಬಲ ಅವಕ್ಕಿಲ್ಲ. ಆದರೂ ತನ್ನ ಕೇಬಲ್ ಇನ್ನೊಬ್ಬರ ಕೇಬಲ್‌ನ ಮೇಲೆ ಹಾಯಲೇಬೇಕಾದ ಜಾಗದಲ್ಲಿ ಯಾವ ಕಂಪನಿಯೂ ಅವನ್ನು ಲಘುವಾಗಿ ಕಾಣುವುದಿಲ್ಲ.

ರಕ್ಷಣೆಯ ಅತ್ಯಂತ ಅಗ್ಗದ ಉಪಾಯ ನಕ್ಷೆ. ಕೇಬಲ್ ಹಾದುಹೋದ ದಾರಿಯನ್ನು ಸಮುದ್ರ ನಕ್ಷೆಗಳಲ್ಲಿ ಅಲೆಯಲೆಯಾದ ಗೆರೆಯಿಂದ ತೋರಿಸುತ್ತಾರೆ. ಬ್ರಿಟನ್ ಸುತ್ತಲಿನ ಮೀನುಗಾರರಿಗೆ ದೋಣಿಯ ನಕ್ಷೆ ತೋರುವ ಪ್ಲಾಟರ್‌ಗೆ ನೇರವಾಗಿ ಹಾಕಿಕೊಳ್ಳಬಹುದಾದ ಮಾಹಿತಿಯನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಅಮೆರಿಕದ ಒರೆಗಾನ್ ತೀರದಲ್ಲಿ ಮೀನುಗಾರರು ಮತ್ತು ಕೇಬಲ್ ಕಂಪನಿಗಳು ಜಂಟಿ ಸಮಿತಿಯನ್ನೇ ನಡೆಸುತ್ತವೆ. ಆಸ್ಟ್ರೇಲಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಿಡ್ನಿ ಮತ್ತು ಪರ್ತ್ ಬಳಿ ಕೇಬಲ್ ರಕ್ಷಣಾ ವಲಯಗಳನ್ನು ಗುರುತಿಸಿ, ಅಲ್ಲಿ ಲಂಗರು ಹಾಕುವುದನ್ನೂ ತಳ ಸವರುವ ಬಲೆ ಎಳೆಯುವುದನ್ನೂ ನಿಷೇಧಿಸಿದೆ.

ಎಷ್ಟು ಕಾದರೂ ಕೇಬಲ್ ತುಂಡಾಗುವುದು ತಪ್ಪದು. ಆಗ ಮೊದಲು ದಡದ ಠಾಣೆಯಿಂದ ಬೆಳಕಿನ ಮಿಡಿತ ಹಾಯಿಸಿ, ಅದು ಎಲ್ಲಿಂದ ಮರಳುತ್ತದೆ ಎಂಬುದರಿಂದ ಮುರಿದ ಜಾಗವನ್ನು ಅಂದಾಜಿಸುತ್ತಾರೆ. ಹಡಗು ಅಲ್ಲಿಗೆ ಹೋಗಿ ಉದ್ದನೆಯ ಹಗ್ಗದ ತುದಿಗೆ ಕೊಕ್ಕೆಗಳನ್ನು ಕಟ್ಟಿ ಕಡಲತಳದಲ್ಲಿ ಎಳೆಯುತ್ತದೆ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎತ್ತುವ ವಿಧಾನವೇ ಇದು, ಆದರೆ ಇಲ್ಲಿ ಆಳ ಕೆಲವು ಸಾವಿರ ಮೀಟರ್ ಇರಬಹುದು. ಸಿಕ್ಕ ಒಂದು ತುದಿಯನ್ನು ಪರೀಕ್ಷಿಸಿ, ತೇಲುಬುರುಡೆಗೆ ಕಟ್ಟಿ ಬಿಟ್ಟು, ಇನ್ನೊಂದು ತುದಿಯನ್ನು ಹುಡುಕುತ್ತಾರೆ. ಹಡಗಿನೊಳಗಿನ ಶುಭ್ರ ಕೋಣೆಯಲ್ಲಿ ಗಾಜಿನ ಒಂದೊಂದು ಎಳೆಯನ್ನೂ ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುತ್ತಾರೆ. ಎರಡೂ ತುದಿಗಳನ್ನು ನೀರಿನ ಮೇಲಕ್ಕೆ ತಂದು ಕೂಡಿಸಬೇಕಾದ್ದರಿಂದ ನಡುವೆ ಹೊಸ ಕೇಬಲ್ ಸೇರಿಸಲೇಬೇಕು. ದುರಸ್ತಿಯಾದ ಕೇಬಲ್ ಹಾಗಾಗಿ ಮೊದಲಿಗಿಂತ ಉದ್ದವಾಗಿ, ಹಳೆಯ ದಾರಿಯಿಂದ ಸರಿದು ಕೂರುತ್ತದೆ. ನಕ್ಷೆಯನ್ನೂ ಕೂಡಲೇ ತಿದ್ದಬೇಕಾಗುತ್ತದೆ.

ಒಂದೊಂದು ಕಂಪನಿಯೂ ಇದಕ್ಕಾಗಿ ಹಡಗು ಇಟ್ಟುಕೊಳ್ಳುವುದು ಕೈಗೆಟುಕುವ ಮಾತಲ್ಲ. ಅದಕ್ಕಾಗಿಯೇ ಕಡಲುಗಳನ್ನು ವಲಯಗಳಾಗಿ ಹಂಚಿಕೊಂಡು ಸಾಮೂಹಿಕ ನಿರ್ವಹಣಾ ಒಪ್ಪಂದಗಳನ್ನು ಮಾಡಿಕೊಂಡಿದ್ದಾರೆ. ಅಟ್ಲಾಂಟಿಕ್‌ಗೆ ಒಂದು, ಮೆಡಿಟರೇನಿಯನ್‌ಗೆ ಒಂದು, ಪೂರ್ವ ಏಷ್ಯಾಕ್ಕೆ ಯೊಕೊಹಾಮಾ ವಲಯ, ಆಗ್ನೇಯ ಏಷ್ಯಾ ಮತ್ತು ಹಿಂದೂ ಮಹಾಸಾಗರಕ್ಕೆ ಮತ್ತೊಂದು. ಸದಸ್ಯರು ವಂತಿಗೆ ಹಾಕಿ ನಿಗದಿತ ಬಂದರಿನಲ್ಲಿ ಹಡಗನ್ನು ಸನ್ನದ್ಧವಾಗಿ ನಿಲ್ಲಿಸಿರುತ್ತಾರೆ, ಬಿಡಿ ಕೇಬಲ್‌ಗಳೂ ಅಲ್ಲಿನ ಡಿಪೋಗಳಲ್ಲಿರುತ್ತವೆ. ಈ ಏರ್ಪಾಡಿಗೆ ಕಠಿಣ ಪರೀಕ್ಷೆ ಎದುರಾದದ್ದು 2006ರ ಡಿಸೆಂಬರ್ 26ರಂದು. ತೈವಾನ್‌ನ ದಕ್ಷಿಣ ತೀರದಾಚೆ ಭೂಕಂಪವಾಗಿ, ಕಡಲತಳದ ಇಳಿಜಾರಿನಲ್ಲಿ ಕೆಸರಿನ ಪ್ರವಾಹ ನುಗ್ಗಿ ಒಂಬತ್ತು ಕೇಬಲ್‌ಗಳು ತುಂಡಾದವು. ಎಲ್ಲವನ್ನೂ ಸರಿಪಡಿಸಲು 11 ಹಡಗುಗಳು 49 ದಿನ ದುಡಿದವು.

ಭಾರತಕ್ಕೆ ಪೆಟ್ಟು ಬಿದ್ದದ್ದು 2008ರ ಜನವರಿ 30ರಂದು. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಪ್ರಮುಖ ಕೇಬಲ್‌ಗಳು ಹಾಳಾಗಿ ಯುರೋಪಿನ ಕಡೆಯ ಸಂಪರ್ಕದ ದೊಡ್ಡ ಪಾಲು ನಿಂತುಹೋಯಿತು. ಎರಡು ದಿನಗಳಲ್ಲಿ ದುಬೈ ಬಳಿ ಮತ್ತೊಂದು ಕೇಬಲ್ ತುಂಡಾಯಿತು. ಅಲ್ಲಿ ಸಿಕ್ಕಿದ್ದು ಯಾವುದೋ ಹಡಗು ಬಿಟ್ಟುಹೋದ ಐದಾರು ಟನ್ ತೂಕದ ಲಂಗರು. ಕರ್ನಾಟಕದ ಕರಾವಳಿಯಲ್ಲಿ ಅಂತರರಾಷ್ಟ್ರೀಯ ಕೇಬಲ್ ದಡ ಸೇರುವ ಠಾಣೆಯಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಸಂಪರ್ಕ ಮುಖ್ಯವಾಗಿ ಮುಂಬೈ, ಚೆನ್ನೈಗಳ ಠಾಣೆಗಳನ್ನು ನೆಚ್ಚಿಕೊಂಡಿದೆ. ಹಾಗಾಗಿ ಕೆಂಪು ಸಮುದ್ರದಲ್ಲಿ ಬಿದ್ದ ಲಂಗರಿಗೂ ಇಲ್ಲಿನ ಕಚೇರಿಗಳಿಗೂ ನೇರ ನಂಟಿದೆ. 2024ರಲ್ಲಿ ಯೆಮನ್‌ನ ಹೂತಿ ಬಂಡುಕೋರರ ದಾಳಿಗೆ ಸಿಕ್ಕಿ ದಿಕ್ಕೆಟ್ಟ 'ರೂಬಿಮಾರ್' ಹಡಗಿನ ಲಂಗರು ಕೆಂಪು ಸಮುದ್ರದ ಕೇಬಲ್‌ಗಳನ್ನು ತುಂಡರಿಸಿತೆಂಬುದು ತಜ್ಞರ ಅಭಿಪ್ರಾಯ. ಯುದ್ಧದ ನಡುವೆ ಯೆಮನ್‌ನ ಅನುಮತಿ ಪಡೆದು ದುರಸ್ತಿ ಮುಗಿಸಲು ತಿಂಗಳುಗಳೇ ಹಿಡಿದವು.

ಅನುಮತಿಯ ತೊಡಕು ಯುದ್ಧಭೂಮಿಗಷ್ಟೇ ಸೀಮಿತವಲ್ಲ. ಭಾರತದ ಕಡಲಿನಲ್ಲಿ ವಿದೇಶಿ ದುರಸ್ತಿ ಹಡಗು ಕೆಲಸ ಮಾಡಬೇಕಾದರೆ ಹಲವು ಇಲಾಖೆಗಳ ಒಪ್ಪಿಗೆ ಬೇಕು. ದೇಶಕ್ಕೆ ಸ್ವಂತ ದುರಸ್ತಿ ಹಡಗಿನ ವ್ಯವಸ್ಥೆ ಇರಬೇಕೆಂದು, ಕೇಬಲ್‌ಗಳನ್ನು ಅತ್ಯಗತ್ಯ ಸೇವೆಯಾಗಿ ಪರಿಗಣಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರ ಜೂನ್‌ನಲ್ಲಿ ಶಿಫಾರಸು ಮಾಡಿತು. ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಬೇಕೆಂದೇ ಮಾಡಿದ ಶಂಕೆಯಿರುವ ಹಾನಿಯ ಎದುರು ಉದ್ಯಮದ ಸಹಕಾರಕ್ಕೂ ಮಿತಿಯಿದೆ. 2024ರ ಡಿಸೆಂಬರ್ 25ರಂದು 'ಈಗಲ್ ಎಸ್' ಎಂಬ ತೈಲ ಹಡಗು ಫಿನ್ಲೆಂಡ್ ಕೊಲ್ಲಿಯಲ್ಲಿ ಲಂಗರನ್ನು ಸುಮಾರು 90 ಕಿ.ಮೀ. ಎಳೆದುಕೊಂಡು ಹೋಗಿ, ಒಂದು ವಿದ್ಯುತ್ ಕೇಬಲ್ ಹಾಗೂ ನಾಲ್ಕು ಸಂಪರ್ಕ ಕೇಬಲ್‌ಗಳಿಗೆ ಹಾನಿ ಮಾಡಿತು. ಅದರ ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಯಿತಾದರೂ, ಘಟನೆ ಫಿನ್ಲೆಂಡ್‌ನ ಜಲಗಡಿಯಾಚೆ ನಡೆದದ್ದರಿಂದ ವಿಚಾರಣೆಯ ಅಧಿಕಾರ ತನಗಿಲ್ಲವೆಂದು ಹೆಲ್ಸಿಂಕಿ ಜಿಲ್ಲಾ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕರಣವನ್ನು ಕೈಬಿಟ್ಟಿತು. ಇಂಥ ಕಡೆ ಸರ್ಕಾರಗಳೇ ಮುಂದೆ ಬರಬೇಕು. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮತ್ತು ಐಸಿಪಿಸಿ ಸೇರಿ 2024ರ ನವೆಂಬರ್‌ನಲ್ಲಿ ಸಲಹಾ ಮಂಡಳಿಯೊಂದನ್ನು ರಚಿಸಿ, ಸರ್ಕಾರಗಳನ್ನೂ ಕಂಪನಿಗಳನ್ನೂ ಒಂದೇ ಮೇಜಿಗೆ ಕರೆತಂದಿವೆ. 2025ರ ಫೆಬ್ರುವರಿಯಲ್ಲಿ ನೈಜೀರಿಯಾದ ಅಬುಜಾದಲ್ಲಿ ಸೇರಿದ ಅದರ ಶೃಂಗಸಭೆಯ ಚರ್ಚೆಗೆ ಬಂದ ವಿಷಯಗಳಲ್ಲಿ ದುರಸ್ತಿಯ ಅನುಮತಿಯನ್ನು ಬೇಗ ಕೊಡಿಸುವುದೂ ಒಂದಾಗಿತ್ತು.