ಕೊಳವೆಬಾವಿಯಲ್ಲಿ ಮಂಕಾಗುವ ದೀಪ

2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ತೆರೆದ ಕೊಳವೆಬಾವಿಗೆ ತಲೆಕೆಳಗಾಗಿ ಬಿತ್ತು. ಸುಮಾರು 20 ಗಂಟೆಗಳ ನಂತರ ಮಗು ಜೀವಂತವಾಗಿ ಹೊರಬಂತು. ಆ ನಡುವೆ ಕಾಲು ಅಲುಗಾಡುತ್ತಿದೆ ಎಂದು ಮೇಲಿದ್ದವರಿಗೆ ತೋರಿಸಿದ್ದು ಒಳಗಿಳಿಸಿದ ಕ್ಯಾಮೆರಾ.

ಅಲ್ಲಿ ಮಗು ಸಿಕ್ಕಿಕೊಂಡಿದ್ದ ಆಳ ಕಡಿಮೆಯಿತ್ತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಸಿಕ್ಕಿಬಿದ್ದ ಮೋಟರನ್ನೋ ಕಪ್ಪುಕಲ್ಲಿನ ಸೀಳುಗಳನ್ನೋ ನೋಡಬೇಕಾದರೆ ಕ್ಯಾಮೆರಾ ನೂರಾರು ಅಡಿ ಇಳಿಯಬೇಕು. ಅಂಗಡಿಯ ಮೇಜಿನ ಮೇಲೆ ಗಿಡ್ಡ ವೈರಿನಲ್ಲಿ ಝಗ್ ಎಂದು ಉರಿದ ದೀಪ, ಹೊಲದಲ್ಲಿ ಉದ್ದ ವೈರಿಗೆ ಕೂಡಿಸಿದೊಡನೆ ಮಂಕಾಗುತ್ತದೆ. ಚಿತ್ರ ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಕ್ಯಾಮೆರಾಕ್ಕೆ ನೀರು ಹೊಕ್ಕಿತು ಎಂದು ಅದನ್ನು ಬಿಚ್ಚಿ ಹಾಕುವವರೇ ಹೆಚ್ಚು. ತಪ್ಪು ಬಹುಮಟ್ಟಿಗೆ ವೈರಿನದು.

ಲೆಕ್ಕ ಹಾಕಿ ನೋಡಿ. ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರು 100 ಮೀಟರ್ ಇಳಿದರೆ, ಹೋಗಿ ಬರುವ ದಾರಿ 200 ಮೀಟರ್, ಅದರ ರೋಧ ಸುಮಾರು 7 ಓಮ್. ಅರ್ಧ ಆಂಪಿಯರ್ ಹರಿದರೆ 3.5 ವೋಲ್ಟ್ ವೈರಿನಲ್ಲೇ ಕರಗುತ್ತದೆ. 12 ವೋಲ್ಟ್ ಬ್ಯಾಟರಿಯಿಂದ ಈ ವೈರಿನಲ್ಲಿ ಕೆಳಗೆ ಮುಟ್ಟಿಸಬಹುದಾದದ್ದು ಹೆಚ್ಚೆಂದರೆ 5 ವ್ಯಾಟ್ ಚಿಲ್ಲರೆ. ಕ್ಯಾಮೆರಾ, ಎಲ್ಇಡಿ ಎರಡೂ ಸೇರಿ 6 ವ್ಯಾಟ್ ಬೇಡಿದರೆ ಎಷ್ಟು ಒಳ್ಳೆಯ ಕ್ಯಾಮೆರಾ ತಂದರೂ ಅದು ಕುಸಿಯುತ್ತದೆ.

ಮೋಸ ಮಾಡುವುದು ವೋಲ್ಟ್ ಅಳೆಯುವ ಮೀಟರ್. ದೀಪ ಕಳಚಿಟ್ಟು ವೈರಿನ ತುದಿಯಲ್ಲಿ ಅಳೆದರೆ 12 ವೋಲ್ಟ್ ಪೂರ್ತಿ ತೋರಿಸುತ್ತದೆ. ವಿದ್ಯುತ್ ಹರಿಯದಿದ್ದರೆ ಕಳೆಯುವುದೂ ಇಲ್ಲ. ನಿಂಬೆ ತೋಟದ ಹನಿ ನೀರಾವರಿ ಪೈಪಿನ ತುದಿ ಮುಚ್ಚಿಟ್ಟು ಒತ್ತಡ ನೋಡಿದಂತೆ ಅದು. ದೀಪ ಉರಿಯುತ್ತಿರುವಾಗಲೇ, ದೀಪದ ಬಳಿಯೇ ಅಳೆಯಬೇಕು.

ಕಡಲೊಳಗೆ ಇಳಿಯುವ ಛಾಯಾಗ್ರಾಹಕರ ಫ್ಲ್ಯಾಶಿಗೂ ಇದೇ ಕಾಯಿಲೆ. ನಾಲ್ಕು ರೀಚಾರ್ಜ್ ಸೆಲ್‌ಗಳ 4.8 ವೋಲ್ಟನ್ನು ಸುಮಾರು 300ಕ್ಕೇರಿಸಿ ಕೆಪಾಸಿಟರ್ ತುಂಬಿಸುವಾಗ ಕೆಲವು ಆಂಪಿಯರ್ ಹರಿಯುತ್ತದೆ. ಸೆಲ್ ಕೂರುವ ಜಾಗದ ಕಿಲುಬು ಹಿಡಿದ ತಗಡು 0.2 ಓಮ್ ಕೂಡಿಸಿದರೂ ಸಾಕು, 4 ಆಂಪಿಯರಿಗೆ 0.8 ವೋಲ್ಟ್ ಕಾಣೆ. ಒತ್ತಿದಾಗ ಫ್ಲ್ಯಾಶ್ ಮಿಂಚದು. ಸೆಲ್ ತೆಗೆದು ಅಳೆದರೆ ಮಾತ್ರ ಸರಿಯಾಗಿಯೇ ಇರುತ್ತದೆ!

ದಾರಿಗಳಿವೆ. ವೈರು ದಪ್ಪ ಮಾಡಬಹುದು, ಆದರೆ ತೂಕ ಏರುತ್ತದೆ. ನನಗೆ ಹಿಡಿಸುವುದು 48 ವೋಲ್ಟ್ ಕಳಿಸಿ ಕೆಳಗೆ ಇಳಿಸಿಕೊಳ್ಳುವುದು. ವೋಲ್ಟೇಜ್ ನಾಲ್ಕು ಪಟ್ಟಾದರೆ ಕರೆಂಟ್ ನಾಲ್ಕನೇ ಒಂದು, ವೈರಿನಲ್ಲಿ ನಷ್ಟ ಹದಿನಾರನೇ ಒಂದು. ಆಲಮಟ್ಟಿಯಿಂದ ಹೊರಡುವ ವಿದ್ಯುತ್ತೂ ಎತ್ತರದ ವೋಲ್ಟೇಜಿನಲ್ಲೇ ಪಯಣಿಸುವುದು ಇದೇ ಕಾರಣಕ್ಕೆ.

ಇನ್ನೊಂದು ಪರೀಕ್ಷೆಯನ್ನು ಜನ ಮರೆಯುತ್ತಾರೆ. ವೈರು ಉರುಳೆಗೆ ಸುತ್ತಿದ್ದರೂ ಉದ್ದ ಅಷ್ಟೇ, ರೋಧವೂ ಅಷ್ಟೇ. ಹೀಗಾಗಿ ಬಾವಿಗಿಳಿಸುವ ಮುನ್ನವೇ ನೆಲದ ಮೇಲೆ ಪೂರ್ತಿ ಉರುಳೆಯೊಂದಿಗೆ ದೀಪ ಉರಿಸಿ. ಅಲ್ಲೇ ಮಂಕಾದರೆ ವೈರು ಅಥವಾ ಬ್ಯಾಟರಿ. ಅಲ್ಲಿ ಚೆನ್ನಾಗಿ ಉರಿದು ಆಳದಲ್ಲಿ ಮಾತ್ರ ಕೆಟ್ಟರೆ ಉದ್ದದ ತಪ್ಪಲ್ಲ: ಜಗ್ಗಾಟಕ್ಕೆ ಜಾಯಿಂಟ್ ಬಿಟ್ಟಿರಬೇಕು, ಇಲ್ಲವೇ ನೀರು ಒಳನುಗ್ಗಿರಬೇಕು. ಪ್ರತಿ 10 ಮೀಟರ್ ನೀರಿಗೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ, ಸವಳು ನೀರಾದರೆ ಎರಡು ತಂತಿಗಳ ನಡುವೆ ತಾನೇ ವಾಹಕವಾಗುತ್ತದೆ. ಆಗ ಜಾಯಿಂಟ್ ಕತ್ತರಿಸಿ, ಒಣಗಿಸಿ, ಬೆಸುಗೆ ಹಾಕಿ, ಹೊಸದಾಗಿ ರೆಸಿನ್ ತುಂಬುವುದೇ ಸರಿ.