ಓದಲೊಲ್ಲದ ತಟ್ಟೆ

ಹಳೆಯ ಆಟದ ಯಂತ್ರದೊಳಗೆ ನಕಲು ಮಾಡಿದ ತಟ್ಟೆಯನ್ನು ಹಾಕಿದಾಗ ಅದು ನಡೆಯದೆ ಹೋದರೆ, ದೋಷವು ತಟ್ಟೆಯಲ್ಲಿದೆಯೋ ಯಂತ್ರದಲ್ಲಿದೆಯೋ ಎಂಬುದನ್ನು ಗೊತ್ತುಮಾಡುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಬೇಕೆಂದಿದ್ದೇನೆ. ಕಲಾವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಇತಿಹಾಸದ ತರಗತಿಯಲ್ಲಿ ಒಂದು ಶಾಸನದ ಕಾಲವನ್ನು ನಿರ್ಣಯಿಸುವಾಗ ಒಂದೊಂದೇ ಸಾಕ್ಷ್ಯವನ್ನು ಬೇರೆಬೇರೆಯಾಗಿ ಪರೀಕ್ಷಿಸುವುದನ್ನು ನಮಗೆ ಕಲಿಸುತ್ತಾರೆ. ಇಲ್ಲಿಯೂ ಬೇಕಾದದ್ದು ಅಷ್ಟೇ ವಿವೇಕ. ವಿಜ್ಞಾನದ ಪದವಿಯೇನೂ ಬೇಕಾಗಿಲ್ಲ.

ಜಪಾನಿನ ಸೋನಿ ಸಂಸ್ಥೆಯು ತನ್ನ ಮೊದಲನೆಯ ಪ್ಲೇಸ್ಟೇಷನ್ ಯಂತ್ರವನ್ನು 1994ರ ಡಿಸೆಂಬರದಲ್ಲಿಯೂ ಎರಡನೆಯದನ್ನು 2000ದ ಮಾರ್ಚಿನಲ್ಲಿಯೂ ಹೊರತಂದಿತು. ಈ ಎರಡನೆಯದು ಜಗತ್ತಿನಲ್ಲಿ ಹದಿನೈದು ಕೋಟಿಗೂ ಮೇಲ್ಪಟ್ಟು ಮಾರಿಹೋಯಿತು. ನಮ್ಮ ದೇಶದಲ್ಲಿಯೂ ಅದಕ್ಕೆ ಬಹಳ ಮನ್ನಣೆಯಿತ್ತು. 2009ರಲ್ಲಿ ಹನುಮಂತನ ಕಥೆಯ ಒಂದು ಆಟವೂ, ಚಿಣ್ಣಿದಾಂಡು ಕಬಡ್ಡಿಗಳನ್ನೊಳಗೊಂಡ ‘ದೇಸಿ ಅಡ್ಡಾ’ ಎಂಬ ಇನ್ನೊಂದು ಆಟವೂ ಇದೇ ಯಂತ್ರಕ್ಕಾಗಿ ಭಾರತದಲ್ಲಿಯೇ ತಯಾರಾದವು. 2013ರ ಆರಂಭದ ಹೊತ್ತಿಗೆ ಯಂತ್ರದ ಉತ್ಪಾದನೆ ನಿಂತಿತು. 2018ರಲ್ಲಿ ಜಪಾನಿನಲ್ಲಿ ಅದನ್ನು ದುರಸ್ತಿ ಮಾಡಿಕೊಡುವ ಏರ್ಪಾಡೂ ನಿಂತಿತು. ಎಂದರೆ, ಇನ್ನು ಮುಂದೆ ಈ ಯಂತ್ರಗಳಿಗೆ ತಯಾರಕರ ಆಸರೆಯಿಲ್ಲ. ಉಳಿಸಿಕೊಂಡರೆ ನಾವೇ ಉಳಿಸಿಕೊಳ್ಳಬೇಕು.

ದೇವರ ಹಿಪ್ಪರಗಿ, ಸಿಂದಗಿ, ಇಂಡಿಯ ಕಡೆಯ ಹಳ್ಳಿಗಳಿಗೆ ಇಂಥ ಯಂತ್ರ ಹೊಸದಾಗಿ ಪೆಟ್ಟಿಗೆಯಲ್ಲಿ ಬಂದದ್ದು ಅಪರೂಪ. ಗೋವೆಗೆ, ಪುಣೆಗೆ, ಬೆಂಗಳೂರಿಗೆ ದುಡಿಯಲು ಹೋದವರು ಅಲ್ಲಿ ಯಾರೋ ಆಡಿಬಿಟ್ಟದ್ದನ್ನು ಕೊಂಡು, ಹಾಸಿಗೆಯ ಗಂಟಿನೊಳಗಿಟ್ಟುಕೊಂಡು ತಂದರು. ನಮ್ಮ ಓಣಿಗೆ ಬಂದದ್ದೂ ಹಾಗೆಯೇ. ಅದರೊಳಗೆ ಚಿಪ್ಪನ್ನು ಆಗಲೇ ಹಾಕಿಸಲಾಗಿತ್ತು. ಜೊತೆಗೆ ಬಂದ ತಟ್ಟೆಗಳೆಲ್ಲ ಮೇಲೆ ಪೆನ್ನಿನಿಂದ ಹೆಸರು ಬರೆದ ನಕಲುಗಳು. ಒಂದು ಬೇಸಿಗೆಯಲ್ಲಿ ಅವು ಒಂದೊಂದಾಗಿ ನಡೆಯದಾದವು. ನಗರದ ಒಂದು ಅಂಗಡಿಯವನು ನೋಡಿ, ಲೇಸರ್ ಸತ್ತಿದೆ, ಹೊಸದು ಹಾಕಬೇಕು ಎಂದು ಕೂಲಿಯವನ ವಾರದ ದುಡಿಮೆಗಿಂತ ಹೆಚ್ಚಿನ ಹಣ ಹೇಳಿದನು. ಆ ಹಣ ಕೂಡಲಿಲ್ಲವಾದ್ದರಿಂದ ಯಂತ್ರ ಉಳಿಯಿತು! ಮುಂದೆ ಅಚ್ಚಿನ ತಟ್ಟೆಯೊಂದನ್ನು ಹಾಕಿ ನೋಡಿದರೆ ತಡವಿಲ್ಲದೆ ನಡೆಯಿತು. ಸತ್ತಿದ್ದವು ತಟ್ಟೆಗಳು.

ಇದು ಹೇಗೆ ಸಾಧ್ಯವೆಂದು ತಿಳಿಯಬೇಕಾದರೆ ಅಚ್ಚಿನ ತಟ್ಟೆಗೂ ಸುಟ್ಟ ತಟ್ಟೆಗೂ ಇರುವ ಅಂತರವನ್ನು ನೋಡಬೇಕು. ಕಾರಖಾನೆಯಲ್ಲಿ ತಯಾರಾದ ತಟ್ಟೆಯಲ್ಲಿ ಅಕ್ಷರಗಳ ಬದಲಿಗೆ ಅತಿ ಸಣ್ಣ ಕುಳಿಗಳನ್ನು ಅಚ್ಚೊತ್ತಿ, ಮೇಲೆ ಲೋಹದ ಲೇಪ ಕೊಟ್ಟಿರುತ್ತಾರೆ. ಲೇಸರ್ ಕಿರಣವು ಕುಳಿಯ ಮೇಲೆ ಬಿದ್ದಾಗ ಒಂದು ಬಗೆಯಾಗಿ, ಸಮತಟ್ಟಿನ ಮೇಲೆ ಬಿದ್ದಾಗ ಇನ್ನೊಂದು ಬಗೆಯಾಗಿ ಹಿಂದಿರುಗುತ್ತದೆ. ಆ ವ್ಯತ್ಯಾಸವನ್ನೇ ಯಂತ್ರ ಓದುತ್ತದೆ. ಸಿ.ಡಿ.ಯಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ 1.6 ಮೈಕ್ರಾನ್, ಡಿ.ವಿ.ಡಿ.ಯಲ್ಲಿ 0.74 ಮೈಕ್ರಾನ್. ನಮ್ಮ ತಲೆಗೂದಲೊಂದರ ಅಗಲದಲ್ಲಿ ಡಿ.ವಿ.ಡಿ.ಯ ಸುಮಾರು ನೂರು ಸುತ್ತುಗಳು ಹಿಡಿಸಿಯಾವು.

ಮನೆಯಲ್ಲಿ ಬರೆಯುವ ತಟ್ಟೆಯಲ್ಲಿ ಕುಳಿಗಳಿಲ್ಲ. ಅಲ್ಲಿರುವುದು ಬಣ್ಣದ ಒಂದು ತೆಳುವಾದ ಪದರ. ಬರೆಯುವ ಯಂತ್ರದ ಲೇಸರ್ ಆ ಬಣ್ಣವನ್ನು ಕಾಯಿಸಿ ಅಲ್ಲಲ್ಲಿ ಕಲೆ ಮಾಡುತ್ತದೆ. ಇಂಗ್ಲಿಷಿನವರು ಇದಕ್ಕೆ ‘ಸುಡುವುದು’ ಎಂದೇ ಹೇಳುತ್ತಾರೆ, ನಾವು ‘ರೈಟ್ ಮಾಡಿಸುವುದು’ ಎನ್ನುತ್ತೇವೆ. ನನಗೆ ಅವರ ಮಾತೇ ಹೆಚ್ಚು ಸತ್ಯವೆನಿಸುತ್ತದೆ. ಈ ಕಲೆಗಳಿಂದ ಹಿಂದಿರುಗುವ ಬೆಳಕು ಅಚ್ಚಿನ ತಟ್ಟೆಯದಕ್ಕಿಂತ ಮಂದ. ಅಳಿಸಿ ಮತ್ತೆ ಬರೆಯಬಹುದಾದ ತಟ್ಟೆಗಳಲ್ಲಂತೂ ಇನ್ನೂ ಮಂದ. ಆ ಬಗೆಯ ಸಿ.ಡಿ.ಯು ಬಿದ್ದ ಬೆಳಕಿನ ನೂರರಲ್ಲಿ ಹದಿನೈದರಿಂದ ಇಪ್ಪತ್ತೈದು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಹೊಸ ಲೇಸರ್ ಈ ಮಂದ ಬೆಳಕನ್ನೂ ಹಿಡಿದೀತು. ಇಪ್ಪತ್ತು ವರ್ಷ ದುಡಿದ ಲೇಸರ್, ಮುದುಕರು ದೊಡ್ಡಕ್ಷರದ ಪುಸ್ತಕವನ್ನು ಓದಿ ಸಣ್ಣಕ್ಷರದ ಪತ್ರಿಕೆಯನ್ನು ಬದಿಗಿಡುವಂತೆ, ಅಚ್ಚಿನದನ್ನು ಓದಿ ಸುಟ್ಟದ್ದನ್ನು ಬಿಟ್ಟುಬಿಡುತ್ತದೆ.

ಇನ್ನು ಚಿಪ್ಪಿನ ವಿಷಯ. ಮೊದಲನೆಯ ಪ್ಲೇಸ್ಟೇಷನ್ನಿನ ಅಚ್ಚಿನ ತಟ್ಟೆಗಳಲ್ಲಿ ಒಳಸುತ್ತಿನ ಗೆರೆಯು ನೇರವಾಗಿರದೆ ಅತಿ ಸೂಕ್ಷ್ಮವಾಗಿ ಬಳುಕುತ್ತದೆ. ಆ ಬಳುಕಿನಲ್ಲಿ ನಾಲ್ಕು ಅಕ್ಷರಗಳ ಒಂದು ಗುಟ್ಟಿನ ಮಾತಿರುತ್ತದೆ. ಜಪಾನಿಗೆ ಒಂದು, ಅಮೇರಿಕೆಗೆ ಒಂದು, ಯುರೋಪಿಗೆ ಇನ್ನೊಂದು. ಯಂತ್ರವು ಮೊದಲು ಅದನ್ನು ಕೇಳಿ, ತನ್ನ ಸೀಮೆಯದಾದರೆ ಮಾತ್ರ ಆಟವನ್ನು ನಡೆಸುತ್ತದೆ. ಖಾಲಿ ತಟ್ಟೆಗೆ ಬರವಣಿಗೆಯ ದಾರಿ ತೋರಿಸಲು ಅದರದೇ ಬಳುಕು ಮೊದಲೇ ಇರುವುದರಿಂದ, ಎಷ್ಟು ಚೆನ್ನಾಗಿ ನಕಲು ಮಾಡಿದರೂ ಈ ಗುಟ್ಟಿನ ಮಾತು ಬರುವುದಿಲ್ಲ. ಬೆಸುಗೆ ಹಾಕಿದ ಚಿಪ್ಪು ಮಾಡುವ ಕೆಲಸವೆಂದರೆ, ಯಂತ್ರ ಕೇಳಿದಾಗ ತಟ್ಟೆಯ ಪರವಾಗಿ ತಾನೇ ಆ ಮಾತನ್ನು ಹೇಳಿಬಿಡುವುದು. ಎರಡನೆಯ ಪ್ಲೇಸ್ಟೇಷನ್ನಿನಲ್ಲಿ ಪರೀಕ್ಷೆಯ ರೀತಿ ಬೇರೆಯಾದರೂ ಉದ್ದೇಶ ಇದೇ. (2020ರಲ್ಲಿ ಒಬ್ಬರು, ಚಿಪ್ಪಿಲ್ಲದೆಯೇ ಅದರ ಚಲನಚಿತ್ರ ತೋರಿಸುವ ಭಾಗದ ದೋಷವೊಂದರ ಮೂಲಕ ಸುಟ್ಟ ತಟ್ಟೆಯನ್ನು ನಡೆಸಬಹುದೆಂದು ತೋರಿಸಿಕೊಟ್ಟರು.)

ಕಾಯದೆಯ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯದೆಯ 52ನೆಯ ಕಲಮು, ಗಣಕದ ಕಾರ್ಯಕ್ರಮವೊಂದನ್ನು ನ್ಯಾಯವಾಗಿ ಹೊಂದಿದವನು ಅದು ಹಾಳಾದೀತೆಂಬ ಎಚ್ಚರಿಕೆಗಾಗಿ ನಕಲು ಇಟ್ಟುಕೊಳ್ಳಲು ಎಡೆ ಕೊಟ್ಟಿದೆ; 2012ರಲ್ಲಿ ಸೇರಿದ 65ಎ ಕಲಮು, ಹಕ್ಕುಗಳನ್ನು ಮೀರುವ ಸಲುವಾಗಿ ರಕ್ಷಣೆಯ ಬೀಗವನ್ನು ಮುರಿಯುವುದನ್ನು ಅಪರಾಧವೆನ್ನುತ್ತದೆ. ನಾನು ಹೇಳುತ್ತಿರುವುದು ತನ್ನ ಸ್ವಂತ ಅಚ್ಚಿನ ತಟ್ಟೆಯನ್ನು ಗೀರಿನಿಂದ ಕಾಪಾಡಲು ನಕಲು ಮಾಡಿಕೊಂಡವನಿಗೆ. ಬೀದಿಯಲ್ಲಿ ಮಾರುವವರಿಗೆ ನನ್ನ ಬೋಧೆ ಬೇಕಾಗಿಲ್ಲ, ಅವರು ನನಗಿಂತ ಬಲ್ಲವರು.

ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು? ಮೊದಲು ಅಚ್ಚಿನ ತಟ್ಟೆಯಿಂದ. ಎರಡನೆಯ ಪ್ಲೇಸ್ಟೇಷನ್ನಿನಲ್ಲಿ ಸಿ.ಡಿ.ಗೆ ಒಂದು ಬಗೆಯ ಕಿರಣ, ಡಿ.ವಿ.ಡಿ.ಗೆ ಇನ್ನೊಂದು ಬಗೆಯ ಕಿರಣ. ಒಂದು ಕುಂದಿದರೂ ಇನ್ನೊಂದು ಗಟ್ಟಿಯಾಗಿರಬಹುದು. ಆದುದರಿಂದ ಹಾಡಿನ ಅಚ್ಚಿನ ಸಿ.ಡಿ. ಒಂದನ್ನೂ ಚಲನಚಿತ್ರದ ಅಚ್ಚಿನ ಡಿ.ವಿ.ಡಿ. ಒಂದನ್ನೂ ಹಾಕಿ ನೋಡಬೇಕು. ಇವೇ ನಡೆಯದಿದ್ದರೆ ನಕಲನ್ನು ದೂರುವುದು ವ್ಯರ್ಥ. ಇವು ನಡೆದರೆ, ಸುಟ್ಟ ಚಲನಚಿತ್ರದ ಡಿ.ವಿ.ಡಿ.ಯನ್ನು ಹಾಕಬೇಕು, ಅದಕ್ಕೆ ಚಿಪ್ಪಿನ ನೆರವು ಬೇಕಿಲ್ಲ. ಅದೂ ನಡೆದು ಆಟದ ತಟ್ಟೆ ಮಾತ್ರ ನಡೆಯದೆ, ಯೋಗ್ಯವಾದ ತಟ್ಟೆಯನ್ನು ಹಾಕಿರೆಂಬ ಕೆಂಪು ಪರದೆ ಬಂದರೆ, ಲೇಸರಿಗೆ ಸುಟ್ಟ ತಟ್ಟೆಯನ್ನು ಓದುವ ಶಕ್ತಿಯಿದೆಯೆಂದಾಯಿತು. ಸಂಶಯವು ಚಿಪ್ಪಿನ ಕಡೆಗೋ ಆ ತಟ್ಟೆಯ ಬರವಣಿಗೆಯ ಕಡೆಗೋ ತಿರುಗಬೇಕು.

ಆಟವು ನಡೆದು ನಡುವೆ ನಿಲ್ಲುವುದು ಇನ್ನೊಂದು ಪ್ರಕರಣ. ಅದು ಪ್ರತಿಸಲವೂ ಒಂದೇ ಜಾಗದಲ್ಲಿ ನಿಂತರೆ ತಟ್ಟೆಯ ಆ ಜಾಗ ಕೆಟ್ಟಿದೆ, ಇಲ್ಲವೆ ನಕಲಿನ ಮೂಲ ಕಡತವೇ ಕೆಟ್ಟಿದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಂತರೆ, ಅದರಲ್ಲಿಯೂ ಅರ್ಧ ತಾಸು ಆಡಿ ಯಂತ್ರ ಕಾದ ಮೇಲೆ ನಿಂತರೆ, ಯಂತ್ರದ ಕಡೆಗೆ ನೋಡಬೇಕು. ಈ ಒಂದು ಭೇದವನ್ನು ತಿಳಿದರೆ ಅರ್ಧ ಕೆಲಸ ಮುಗಿಯಿತು. ಚಿತ್ರವು ಬಣ್ಣ ಕಳೆದುಕೊಂಡು ಕಪ್ಪುಬಿಳುಪಾಗಿ ಬಂದರೆ ತಟ್ಟೆಯದೂ ತಪ್ಪಲ್ಲ, ಲೇಸರಿನದೂ ಅಲ್ಲ, ಅಮೇರಿಕೆಯ ಟಿ.ವಿ. ಪದ್ಧತಿಯ ಆಟವನ್ನು ನಮ್ಮ ಪಾಲ್ ಪದ್ಧತಿಯ ಹಳೆಯ ಟಿ.ವಿ.ಗೆ ತೋರಿಸಿದುದರ ಫಲವದು.

ತಟ್ಟೆಯೇ ಕೆಟ್ಟಿದೆಯೆಂದು ತೀರ್ಮಾನವಾದರೆ ಹೊಸದಾಗಿ ಬರೆಯಬೇಕು. ಡಿ.ವಿ.ಡಿ.ಗಳಲ್ಲಿ ‘ಮೈನಸ್ ಆರ್’ ಎಂದೂ ‘ಪ್ಲಸ್ ಆರ್’ ಎಂದೂ ಎರಡು ಜಾತಿ. ಹಳೆಯ ಯಂತ್ರಗಳಿಗೆ ಮೈನಸ್ ಒಗ್ಗುತ್ತದೆ. ಪ್ಲಸ್ ತಟ್ಟೆಯಾದರೆ ಬರೆಯುವಾಗ ಅದರ ಜಾತಿಯನ್ನು ಅಚ್ಚಿನ ಡಿ.ವಿ.ಡಿ. ಎಂದು ನಮೂದಿಸಬೇಕಾಗುತ್ತದೆ, ಎಲ್ಲ ಬರೆಯುವ ಯಂತ್ರಗಳೂ ಇದನ್ನು ಮಾಡಲಾರವು. ವೇಗವು ನಾಲ್ಕು ಪಟ್ಟಿನದಾದರೆ ಒಳ್ಳೆಯದು. ಎಷ್ಟು ನಿಧಾನವೋ ಅಷ್ಟು ಉತ್ತಮವೆಂದು ಕೆಲವರು ಹೇಳುತ್ತಾರೆ. ಹದಿನಾರು ಪಟ್ಟಿನ ವೇಗಕ್ಕೆಂದು ಹದಗೊಳಿಸಿದ ಬಣ್ಣವನ್ನು ಅತಿ ನಿಧಾನವಾಗಿ ಕಾಯಿಸಿದರೆ ಕಲೆಗಳು ಕೆಡುವುದೂ ಉಂಟು. ಬರೆದ ಮೇಲೆ ತಟ್ಟೆಯನ್ನು ಮುಕ್ತಾಯಗೊಳಿಸಬೇಕು, ಮತ್ತು ಗಣಕದಲ್ಲಿಯೇ ಮೂಲದೊಡನೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಅದು ತಟ್ಟೆಯಲ್ಲ, ಟೀ ಲೋಟದ ಕೆಳಗಿಡುವ ಬಿಲ್ಲೆ. ನಮ್ಮ ಕಡೆಯ ವಿದ್ಯುತ್ತನ್ನು ನಂಬಿ ಬರೆಯಲು ಕುಳಿತುಕೊಳ್ಳಬಾರದು. ನಡುವೆ ದೀಪ ಹೋದರೆ ತಟ್ಟೆಯೂ ಹೋಯಿತು.

ಮೊದಲನೆಯ ಪ್ಲೇಸ್ಟೇಷನ್ನಿನ ಆಟಗಳಲ್ಲಿ ಇನ್ನೊಂದು ತೊಡಕು. ಅವುಗಳಲ್ಲಿ ಅನೇಕದರಲ್ಲಿ ಹಿನ್ನೆಲೆಯ ಸಂಗೀತವು ಹಾಡಿನ ಸಿ.ಡಿ.ಯ ರೀತಿಯಲ್ಲಿಯೇ ಬೇರೆ ಭಾಗಗಳಾಗಿರುತ್ತದೆ. ‘ಬಿನ್’ ಕಡತದ ಜೊತೆಗೆ ಆ ಭಾಗಗಳ ಪಟ್ಟಿಯಾದ ‘ಕ್ಯೂ’ ಕಡತವನ್ನೂ ಕೊಟ್ಟು ಬರೆಯದಿದ್ದರೆ ಆಟ ನಡೆದರೂ ಮೂಕವಾಗುತ್ತದೆ.

ಖಾಲಿ ತಟ್ಟೆಗಳ ಗುಣವೂ ಮುಖ್ಯ. ನೊಯ್ಡಾದ ಮೋಸರ್ ಬೇರ್ ಕಾರಖಾನೆಯು ಒಂದು ಕಾಲಕ್ಕೆ ಇವುಗಳನ್ನು ಜಗತ್ತಿಗೇ ಒದಗಿಸುತ್ತಿತ್ತು, ಚಲನಚಿತ್ರದ ಸಿ.ಡಿ.ಗಳನ್ನು 28 ರೂಪಾಯಿಗೆ ಮಾರಿ ನಮ್ಮ ಹಳ್ಳಿಗಳವರೆಗೆ ಮುಟ್ಟಿಸಿತ್ತು. 2018ರಲ್ಲಿ ಅದು ಮುಚ್ಚಿಹೋಯಿತು. ಈಗ ಸಿಕ್ಕುವವು ಬಹುಮಟ್ಟಿಗೆ ಹಳೆಯ ದಾಸ್ತಾನು ಇಲ್ಲವೆ ಹೆಸರಿಲ್ಲದ ಸರಕು. ನೂರು ಕೊಳ್ಳುವ ಮೊದಲು ಎರಡು ಕೊಂಡು ಬರೆದು ನೋಡುವುದು ಲೇಸು.

ಯಂತ್ರದ ಕಡೆಗೆ ಬಂದರೆ ಮೊದಲನೆಯ ಶತ್ರು ಧೂಳು. ಎರೆಮಣ್ಣಿನ ಸೀಮೆಯಲ್ಲಿ ತೊಗರಿ ಒಕ್ಕುವ ದಿನಗಳಲ್ಲಿ ಧೂಳು ಹೊಗದ ಸಂದಿಯಿಲ್ಲ. ಲೇಸರಿನ ಮಸೂರವನ್ನು ಶುದ್ಧ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಸ್ವಲ್ಪವೇ ತೋಯಿಸಿದ ಹತ್ತಿಯಿಂದ, ಒತ್ತದೆ, ಒರೆಸಬೇಕು. ಮಡಿವಾಳ ಮಾಚಯ್ಯನ ಊರಿನವರಿಗೆ ತೊಳೆಯುವುದನ್ನು ಕಲಿಸುವುದೇನೆಂದು ನೀವು ನಗಬಹುದು. ಆದರೆ ತಟ್ಟೆಯನ್ನು ಧೋತರದ ಸೆರಗಿನಿಂದ ಗುಂಡಗೆ ತಿಕ್ಕುವುದನ್ನು ಎಲ್ಲ ಮನೆಗಳಲ್ಲಿ ಕಂಡಿದ್ದೇನೆ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಿನ ಗುಂಟ ಬಿದ್ದ ಗೀರು ಸಾಲುಸಾಲಾಗಿ ಅಕ್ಷರಗಳನ್ನು ನುಂಗುತ್ತದೆ, ಅಡ್ಡ ಗೀರು ಅಲ್ಲಲ್ಲಿ ಒಂದಿಷ್ಟನ್ನು ಮಾತ್ರ. ಅಷ್ಟನ್ನು ಯಂತ್ರ ತಾನೇ ಸರಿಪಡಿಸಿಕೊಳ್ಳಬಲ್ಲದು.

ಲೇಸರಿನ ಬದಿಯಲ್ಲಿ ಅದಕ್ಕೆ ಹರಿಯುವ ವಿದ್ಯುತ್ತನ್ನು ಹೊಂದಿಸುವ ಸಣ್ಣ ತಿರುಪು ಇರುತ್ತದೆ. ದುರಸ್ತಿಯವರಲ್ಲಿ ಕೆಲವರ ಕೈ ಎಲ್ಲಕ್ಕಿಂತ ಮೊದಲು ಅಲ್ಲಿಗೇ ಹೋಗುತ್ತದೆ. ಅದನ್ನು ತಿರುಗಿಸಿದರೆ ಕಿರಣ ಪ್ರಬಲವಾಗಿ ಕೆಟ್ಟ ತಟ್ಟೆಯೂ ಕೆಲವು ದಿನ ನಡೆಯುತ್ತದೆ, ಕೊಟ್ಟವನಿಗೂ ಮಾಡಿದವನಿಗೂ ಸಂತೋಷವಾಗುತ್ತದೆ. ಆದರೆ ಲೇಸರಿನ ಆಯುಷ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಮೇಲಿನ ಪರೀಕ್ಷೆಗಳೆಲ್ಲ ಮುಗಿದು, ಅಚ್ಚಿನ ತಟ್ಟೆಯೇ ತಡವರಿಸುವಾಗ ಮಾತ್ರ ಅದನ್ನು ಮುಟ್ಟಬೇಕು. ಮುಟ್ಟುವ ಮೊದಲು ಮಲ್ಟಿಮೀಟರಿನಿಂದ ಈಗಿರುವ ಅಳತೆಯನ್ನು ತೆಗೆದು ಕಾಗದದಲ್ಲಿ ಬರೆದುಕೊಳ್ಳಬೇಕು, ತಿರುಪಿನ ಈಗಿನ ಸ್ಥಾನಕ್ಕೆ ಸೂಜಿಯಿಂದ ಗುರುತು ಹಾಕಬೇಕು. ಕೂದಲೆಳೆಯಷ್ಟು ತಿರುಗಿಸಿ, ಅಚ್ಚಿನ ತಟ್ಟೆಯನ್ನೇ ಮತ್ತೆ ಹಾಕಿ ನೋಡಬೇಕು.

ನಕಲುಗಳನ್ನು ಇಡುವ ಜಾಗ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ತಗಡಿನ ಮಾಳಿಗೆಯ ಕೆಳಗಿನ ಗೂಡಾಗಿರಬಾರದು, ಕಿಟಕಿಯ ಬಿಸಿಲಂತೂ ಬೇಡವೇ ಬೇಡ. ಬಿಸಿಲಿಗೂ ಕಾವಿಗೂ ಆ ಬಣ್ಣ ಮಾಸುತ್ತದೆ. ನಮ್ಮ ಮನೆಗಳ ಮದುವೆಯ ಸಿ.ಡಿ.ಗಳು, ಊರಿನ ದೊಡ್ಡಾಟವನ್ನು ಯಾರೋ ಹಿಡಿದಿಟ್ಟ ತಟ್ಟೆಗಳು ಇರುವುದೂ ಇದೇ ಬಣ್ಣದಲ್ಲಿ. ಅವುಗಳಿಗೆ ಅಚ್ಚಿನ ಮೂಲವೆಂಬುದು ಎಲ್ಲಿಯೂ ಇಲ್ಲ. ಗಣಕವು ಇನ್ನೂ ಓದುತ್ತಿರುವಾಗಲೇ ಅವುಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳಬೇಕು, ಅದೂ ಈ ಬೇಸಿಗೆಗೆ ಮುಂಚೆ.